ಸಗಣಿ ಕರೆಂಟು, ಸೌದೆ ಕರೆಂಟು, ಹಳ್ಳದ ಕರೆಂಟು

ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ದೊಡ್ಡ ಊರೇನಲ್ಲ. ಎಂಬತ್ತರ ದಶಕದಲ್ಲಿ ಅಲ್ಲಿದ್ದದ್ದು ಸುಮಾರು 460 ಜನ, 250ರ ಆಸುಪಾಸು ದನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇಡೀ ಊರಿಗೆ ಸೇರಿ ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ, ಮನೆಮನೆಗೆ ಅಡುಗೆ ಅನಿಲ ಕೊಡಲು ಹೊರಟರು. ಸೌದೆಗೆ ಅಲೆಯುವುದು ತಪ್ಪುತ್ತದೆ, ಕಣ್ಣಿಗೆ ಹೊಗೆ ತಪ್ಪುತ್ತದೆ, ಗೊಬ್ಬರವೂ ಉಳಿಯುತ್ತದೆ ಎಂಬ ಲೆಕ್ಕ. ಲೆಕ್ಕ ಕೈಕೊಟ್ಟಿತು. ಎಲ್ಲ ಮನೆಗೂ ಎರಡು ಹೊತ್ತಿನ ಅಡುಗೆಗೆ ಆಗುವಷ್ಟು ಅನಿಲ ಬರಲಿಲ್ಲ. ಅರ್ಧ ಅಡುಗೆಗೆ ಒಲೆ ಹಚ್ಚಲೇಬೇಕಾದ ಮೇಲೆ ದಿನಾ ಸಗಣಿ ಹೊತ್ತು ತಂದು ಸುರಿಯುವುದು ಯಾರಿಗೆ ಬೇಕು?

ಈ ಕೊರತೆ ಸರಳ ಗುಣಾಕಾರಕ್ಕೇ ಸಿಗುತ್ತದೆ. ಒಬ್ಬರ ಎರಡು ಹೊತ್ತಿನ ಅಡುಗೆಗೆ ದಿನಕ್ಕೆ ಸುಮಾರು ಕಾಲು ಘನ ಮೀಟರ್ ಗೋಬರ್ ಅನಿಲ ಬೇಕು. 460 ಜನಕ್ಕೆ 115 ಘನ ಮೀಟರ್. ಊರಿನಲ್ಲಿ ಸಿಗಬಹುದಾದ ಸಗಣಿ ಹೆಚ್ಚೆಂದರೆ ದಿನಕ್ಕೆ ಒಂದೂಕಾಲು ಟನ್, ಅದರಿಂದ ಹುಟ್ಟುವ ಅನಿಲ 42 ಘನ ಮೀಟರ್ ಚಿಲ್ಲರೆ. ಹಗಲೆಲ್ಲ ಬಯಲಲ್ಲಿ ಮೇಯುವ ನಾಟಿ ದನದ ಸಗಣಿಯಲ್ಲಿ ಒಂದು ಪಾಲು ಬಯಲಿಗೇ ಹೋಗುತ್ತದೆ, ಕೊಟ್ಟಿಗೆಗೆ ಬರುವುದೇ ಇಲ್ಲ.

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ನಡೆಯುವುದು ಉದ್ಘಾಟನೆಯ ಫಲಕ ಉಳಿದು ಸ್ಥಾವರ ಹಾಳು ಬೀಳುವುದು. ಪುರದಲ್ಲಿ ಬೇರೆಯದೇ ನಡೆಯಿತು. ಜನರಿಗೆ ಮೊದಲು ಬೇಕಿದ್ದದ್ದು ಕುಡಿಯುವ ನೀರು, ಆಮೇಲೆ ಬೆಳಕು. ಅಡುಗೆಗೆ ಸಾಲದ ಅದೇ ಅನಿಲ ಕೊಳವೆಬಾವಿಯ ಪಂಪಿಗೂ ಸಂಜೆಯ ದೀಪಕ್ಕೂ ಧಾರಾಳವಾಗಿ ಸಾಕು. ಹಾಗಾಗಿ ಅನಿಲವನ್ನು ಒಲೆಗೆ ಕಳಿಸುವುದು ಬಿಟ್ಟು ಡೀಸೆಲ್ ಎಂಜಿನ್ನಿಗೆ ತಿರುಗಿಸಿದರು. ಎಂಜಿನ್ನಿಗೆ 5 ಕೆವಿಎ ಜನರೇಟರ್ ಜೋಡಿಸಿದರು. 1987ರ ಸೆಪ್ಟೆಂಬರಿನಿಂದ ಪುರಕ್ಕೆ ಸಗಣಿ ಕರೆಂಟು ಹರಿಯಿತು, ನಲ್ಲಿಯಲ್ಲಿ ನೀರು ಬಂತು.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ಹತ್ತಿರದಿಂದ ನೋಡಬೇಕು. ಸಗಣಿಗೆ ಅಷ್ಟೇ ನೀರು ಕಲಸಿ ತೊಟ್ಟಿಗೆ ಬಿಡುವುದರಿಂದ ಅನಿಲ ಬಿಟ್ಟ ಮೇಲೆ ಹೊರಬರುವ ಬಗ್ಗಡ ತೀರ ನೀರು ನೀರಾಗಿರುತ್ತದೆ. ಬುಟ್ಟಿಯಲ್ಲಿ ತಂದ ಸಗಣಿಯನ್ನು ಬಗ್ಗಡದ ರೂಪದಲ್ಲಿ ಬುಟ್ಟಿಯಲ್ಲಿ ವಾಪಸು ಒಯ್ಯಲಾಗದು. ಸಗಣಿ ಎಂದರೆ ಗೊಬ್ಬರ, ಅದನ್ನು ಬಿಟ್ಟುಕೊಡಲು ಯಾವ ರೈತನೂ ಒಪ್ಪುವುದಿಲ್ಲ. ಪುರದಲ್ಲಿ ಮರಳಿನ ಹಾಸು ಮಾಡಿ ಬಗ್ಗಡವನ್ನು ಅದರ ಮೇಲೆ ಸೋಸಿದರು. ನೀರು ಇಳಿದು, ಮೇಲುಳಿದದ್ದು ಮತ್ತೆ ಸಗಣಿಯಷ್ಟೇ ಗಟ್ಟಿ. ಕೊಟ್ಟವರು ಕೊಟ್ಟಷ್ಟಕ್ಕೆ ತಕ್ಕಂತೆ ಅದನ್ನು ತಿಪ್ಪೆಗೆ ಒಯ್ದರು. ಮೇಲಾಗಿ ತಂದು ಹಾಕಿದ್ದಕ್ಕೆ ಕಿಲೊಗೆ 2 ಪೈಸೆ ಕೂಲಿ. ಸಗಣಿ ಹೊರುವವರು ಹೆಚ್ಚಾಗಿ ಹೆಂಗಸರು, ಹುಡುಗಿಯರು; ಆ 2 ಪೈಸೆ ಅವರ ಕೈ ಸೇರುತ್ತಿತ್ತು. ನನ್ನ ಮಟ್ಟಿಗೆ ಪುರದ ಎಂಜಿನಿಯರಿಂಗಿನ ಜಾಣತನ ಇರುವುದು ಎಂಜಿನ್ನಿಗಿಂತ ಹೆಚ್ಚಾಗಿ ಆ ಮರಳ ಹಾಸಿನಲ್ಲಿ.

ಪುರ ಕರೆಂಟೇ ಕಾಣದ ಊರೂ ಆಗಿರಲಿಲ್ಲ. ಸರ್ಕಾರಿ ತಂತಿ ಆಗಲೇ ಬಂದಿತ್ತು. ಆದರೆ ಸಂಜೆ ವೋಲ್ಟೇಜ್ ಬಿದ್ದು ಟ್ಯೂಬ್‌ಲೈಟು ಮಿಣುಕುವುದೇ ಹೊರತು ಹತ್ತುತ್ತಿರಲಿಲ್ಲ. ಊರಿನ ಜನರೇಟರಿನ ಕರೆಂಟು ಇಂತಿಷ್ಟೇ ಹೊತ್ತು ಬರುತ್ತಿತ್ತು, ಬಂದಾಗ ನೆಟ್ಟಗೆ ಬರುತ್ತಿತ್ತು. ದಿನದ 24 ತಾಸೂ ಬರಬಹುದು, ಬರದಿರಬಹುದು ಎಂಬ ಕರೆಂಟಿಗಿಂತ ಸಂಜೆಯ ಕೆಲವೇ ತಾಸು ಖಂಡಿತ ಬರುವ ಕರೆಂಟಿಗೆ ದುಡ್ಡು ಕೊಡಲು ಜನ ತಯಾರಿದ್ದರು. ಸ್ಥಾವರ ನಡೆಸುತ್ತಿದ್ದವರೂ ಊರಿನ ಹುಡುಗರೇ.

ಈ ಕೆಲಸದ ಹಿಂದಿದ್ದವರು ಅಮೂಲ್ಯ ಕೆ.ಎನ್. ರೆಡ್ಡಿ. ಮೂಲತಃ ವಿದ್ಯುತ್ ರಸಾಯನಶಾಸ್ತ್ರದ ವಿದ್ವಾಂಸರು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗಾಗಿ ಅವರು ಕಟ್ಟಿದ ತಂಡವೇ ಅಸ್ತ್ರ. ಸೌದೆ ಉಳಿಸುವ 'ಅಸ್ತ್ರ ಒಲೆ' ಎಂದರೆ ಐವತ್ತು ದಾಟಿದ ಓದುಗರಿಗೆ ಕೂಡಲೇ ನೆನಪಾದೀತು. ಊರಿನ ಎಲ್ಲರಿಗೂ ಸೇರಿದ ಸ್ವತ್ತನ್ನು ಪ್ರತಿಯೊಬ್ಬರೂ ತಮ್ಮ ಲಾಭಕ್ಕೆ ಬಳಸಿ ಹಾಳು ಮಾಡುತ್ತಾರೆ ಎಂಬುದು ಅರ್ಥಶಾಸ್ತ್ರದ ಪ್ರಸಿದ್ಧ ವಾದ. ಪುರದಲ್ಲಿ ಅದು ತಲೆಕೆಳಗಾಯಿತು ಎಂದು ರೆಡ್ಡಿ ವಾದಿಸಿದರು. ಯಾರಾದರೂ ಸಗಣಿ ತಡೆಹಿಡಿದರೆ ಊರಿನ ನಲ್ಲಿಯ ಜತೆ ಅವರ ಮನೆಯ ನಲ್ಲಿಯೂ ಒಣಗುತ್ತದೆ. ಸ್ವಾರ್ಥವೂ ಊರಿನ ಹಿತವೂ ಒಂದೇ ದಿಕ್ಕಿಗೆ ತಿರುಗಿದವು. ಒಲೆಗೆ ಅನಿಲ ಕೊಡುತ್ತಿದ್ದಾಗ ಇದೇ ಊರಿನ ಇದೇ ಜನ ಕೈಬಿಟ್ಟಿದ್ದರು ಎಂಬುದನ್ನು ಮರೆಯಬಾರದು. ಬದಲಾದದ್ದು ಜನರಲ್ಲ, ಅನಿಲ ಮಾಡುವ ಕೆಲಸ.

ರೆಡ್ಡಿಯವರ ಇನ್ನೊಂದು ವಾದ ವಿದ್ಯುತ್ ಇಲಾಖೆಗೆ ಹಿಡಿಸಿರಲಿಕ್ಕಿಲ್ಲ. ಎಂಬತ್ತರ ದಶಕದ ಕೊನೆಗೆ ಕರ್ನಾಟಕಕ್ಕೆ 2000ನೇ ಇಸವಿ ಹೊತ್ತಿಗೆ ಎಷ್ಟು ವಿದ್ಯುತ್ ಬೇಕು ಎಂದು ಸರ್ಕಾರ ಒಂದು ಯೋಜನೆ ಮಾಡಿಸಿತ್ತು. ಹಳೆಯ ಬೇಡಿಕೆಯ ಗೆರೆಯನ್ನೇ ಮುಂದಕ್ಕೆ ಎಳೆದ ಲೆಕ್ಕ ಅದು. ರೆಡ್ಡಿ ಮತ್ತವರ ಸಂಗಡಿಗರು ತಿರುಗಾಮುರುಗಾ ಹೊರಟರು: ಎಷ್ಟು ಮನೆಗೆ ಬೆಳಕು ಬೇಕು, ಎಷ್ಟು ಎಕರೆಗೆ ನೀರೆತ್ತಬೇಕು, ಒಳ್ಳೆಯ ಬಲ್ಬು, ಒಳ್ಳೆಯ ಪಂಪು ಹಾಕಿದರೆ ಅದಕ್ಕೆಷ್ಟು ಸಾಕು? 1991ರಲ್ಲಿ ಅವರು ಪ್ರಕಟಿಸಿದ ಅಂದಾಜು ಸರ್ಕಾರಿ ಅಂದಾಜಿನ ಅರ್ಧಕ್ಕಿಂತಲೂ ಕಡಿಮೆ ಇತ್ತು. ಯಾರಿಗೂ ಬೇಕಿರುವುದು ಕಿಲೋವಾಟ್ ಅಲ್ಲ. ಬೇಕಿರುವುದು ಬೆಳಕು, ನೀರು, ಬೆಂದ ಅನ್ನ, ಬೀಸಿದ ಹಿಟ್ಟು. ವಿಕೇಂದ್ರೀಕೃತ ಇಂಧನ ಎಂಬ ಉದ್ದದ ಹೆಸರಿನ ಶಾಸ್ತ್ರವೆಲ್ಲ ಈ ತುದಿಯಿಂದ ಶುರುವಾಗಬೇಕು. ಬಹುಪಾಲು ಯೋಜನೆಗಳು ಆ ತುದಿಯಿಂದ, ಅಂದರೆ ಯಂತ್ರದ ಕಡೆಯಿಂದ ಶುರುವಾಗುತ್ತವೆ. ನಮ್ಮ ರಾಜ್ಯದ ಹುಟ್ಟುಗುಣವೂ ಅದೇ ಇರಬಹುದು. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಹತ್ತಿರದ ಹಳ್ಳಿಗಳನ್ನು ದಾಟಿ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆಗಿನ ಕಾಲಕ್ಕೆ ಅದು ದೊಡ್ಡ ಸಾಹಸ, ಅದರಲ್ಲಿ ಎರಡು ಮಾತಿಲ್ಲ.

ಪುರದಂತೆಯೇ ಕುಣಿಗಲ್ ತಾಲ್ಲೂಕಿನದು ಹೊಸಹಳ್ಳಿ. ಮೂವತ್ತೈದು ಮನೆಯ ಆಸುಪಾಸಿನ ಈ ಊರಿಗೆ 1988ರಲ್ಲಿ ತಂತಿ ಬಂದೇ ಇರಲಿಲ್ಲ. ಇಲ್ಲಿ ವಿಜ್ಞಾನ ಸಂಸ್ಥೆಯವರು ತಂದದ್ದು ಸೌದೆಯ ಗ್ಯಾಸಿಫೈಯರ್. ಮರವನ್ನು ಸಣ್ಣ ಸಣ್ಣ ತುಂಡು ಮಾಡಿ ಉದ್ದನೆಯ ಕುಲುಮೆಯಂಥ ಕೊಳಾಯಿಗೆ ಮೇಲಿನಿಂದ ಸುರಿಯುತ್ತಾರೆ. ಪೂರ್ತಿ ಉರಿಯಲು ಬೇಕಾದಷ್ಟು ಗಾಳಿ ಕೊಡುವುದಿಲ್ಲ. ಅರೆಹೊಟ್ಟೆಯಲ್ಲಿ ಉರಿದ ಸೌದೆಯ ಹೊಗೆ ಕೆಳಗಿನ ಕೆಂಡದ ಹಾಸಿನ ಮೂಲಕ ಹಾಯುವಾಗ ಅದರೊಳಗಿನ ಟಾರು ಒಡೆದು, ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಬೆರೆತ ಉರಿಯುವ ಅನಿಲವಾಗುತ್ತದೆ. ಅದರಲ್ಲಿ ಅರ್ಧದಷ್ಟು ಗಾಳಿಯ ನೈಟ್ರೋಜನ್ನೇ, ಹಾಗಾಗಿ ಶಕ್ತಿ ಕಮ್ಮಿ. ತಣ್ಣೀರಿನಲ್ಲಿ ತೊಳೆದು, ಮರಳಿನಲ್ಲಿ ಸೋಸಿ ಎಂಜಿನ್ನಿಗೆ ಬಿಟ್ಟರೆ ಡೀಸೆಲ್ಲಿನ ಬಹುಪಾಲು ಉಳಿಯುತ್ತದೆ. ಎಂಜಿನ್ ಶುರುವಾಗುವುದು ಡೀಸೆಲ್ಲಿನಲ್ಲೇ. ಒಂದು ಯೂನಿಟ್ ಕರೆಂಟಿಗೆ ಸರಿಸುಮಾರು ಒಂದು ಕಿಲೊ ಒಣ ಸೌದೆ. 'ಒಣ' ಎಂಬ ಮಾತಿಗೆ ಒತ್ತು ಕೊಡಬೇಕು; ಹಸಿ ಸೌದೆ ಹಾಕಿದರೆ ಟಾರು ಸೋಸದೆ ಎಂಜಿನ್ನಿನ ವಾಲ್ವಿಗೆ ಅಂಟಿ ಕೂರುತ್ತದೆ. ಊರಿನ ಪಕ್ಕದಲ್ಲೇ ಇಂಧನಕ್ಕೆಂದು ಮರ ಬೆಳೆಸಿದರು.

ಚಿಕ್ಕದಾಗಿ ಶುರುವಾದ ಸ್ಥಾವರ ಮುಂದೆ 20 ಕಿಲೋವಾಟಿಗೆ ಏರಿತು. 2004ರಲ್ಲಿ ಇದರ ಹದಿನಾಲ್ಕಕ್ಕೂ ಹೆಚ್ಚು ವರ್ಷಗಳ ಲೆಕ್ಕ ಪ್ರಕಟವಾಯಿತು. ಅದರಲ್ಲಿನ ಎರಡು ಅಂಕಿ ಯಾವ ಪಠ್ಯಪುಸ್ತಕಕ್ಕೂ ಸಮ. 5 ಕಿಲೋವಾಟ್ ಲೋಡಿನಲ್ಲಿ ಓಡಿದಾಗ ಇಂಧನ ಮತ್ತು ನಿರ್ವಹಣೆಯ ಖರ್ಚು ಯೂನಿಟ್ಟಿಗೆ ₹5.85, 20 ಕಿಲೋವಾಟ್ ಲೋಡಿನಲ್ಲಿ ₹3.34. ಯಂತ್ರ ಅದೇ, ಸೌದೆ ಅದೇ, ನಡೆಸುವವರೂ ಅವರೇ. ಸ್ಥಾವರ ಕಾಯುವವನ ಸಂಬಳ ಲೋಡು ಹೆಚ್ಚಿದರೂ ಅಷ್ಟೇ, ತಗ್ಗಿದರೂ ಅಷ್ಟೇ. ಕಡಿಮೆ ಲೋಡಿನಲ್ಲಿ ಎಂಜಿನ್ ಕುಡಿಯುವುದು ಮಾತ್ರ ಅದೇ ಪ್ರಮಾಣದಲ್ಲಿ ತಗ್ಗುವುದಿಲ್ಲ.

ಈಗ ಮೂವತ್ತೈದು ಮನೆಯ ದೀಪಗಳನ್ನು ಕೂಡಿಸಿ ನೋಡಿ. ಮನೆಗೆ 60 ವಾಟ್ ಎಂದರೂ 2 ಕಿಲೋವಾಟ್ ಚಿಲ್ಲರೆ. ಬರೀ ದೀಪಕ್ಕಾಗಿ 20 ಕಿಲೋವಾಟಿನ ಯಂತ್ರ ಓಡಿಸಿದರೆ ಊರೇ ದಿವಾಳಿ. ಹಗಲಿಗೆ ಕೆಲಸ ಬೇಕು. ಹೊಸಹಳ್ಳಿಯಲ್ಲಿ ಹಿಟ್ಟಿನ ಗಿರಣಿ, ಆಮೇಲೆ ಹೊಲದ ನೀರಾವರಿ ಪಂಪುಗಳು ಈ ಸ್ಥಾವರಕ್ಕೆ ಸೇರಿದ್ದು ಇದೇ ಕಾರಣಕ್ಕೆ. ಬೆಳಕು ಕೊಡುವುದು ಪುಣ್ಯದ ಕೆಲಸ ಇರಬಹುದು, ಆದರೆ ಬೆಳಕಿನ ಖರ್ಚನ್ನು ಹೊರುವುದು ಗಿರಣಿ ಮತ್ತು ಪಂಪು. ಹಳ್ಳಿಗೆ ಸೋಲಾರ್ ಮಿನಿಗ್ರಿಡ್ ಹಾಕುವ ಯಾವ ಸಂಸ್ಥೆಯೇ ಆದರೂ ಮೊದಲು ಕೇಳಬೇಕಾದ್ದು ಇದನ್ನು: ಮಧ್ಯಾಹ್ನ ಹನ್ನೆರಡಕ್ಕೆ ಇಲ್ಲಿ ಏನು ತಿರುಗುತ್ತದೆ?

ಮಲೆನಾಡಿಗೆ ಬಂದರೆ ಪ್ರಶ್ನೆಯ ಮುಖವೇ ಬೇರೆ. ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡದ ಘಟ್ಟದ ಒಂಟಿ ಮನೆಗಳಿಗೆ ತಂತಿ ಎಳೆದರೂ ಮಳೆಗಾಲದಲ್ಲಿ ಅದರ ಮೇಲೆ ಮರ ಬೀಳುವುದು ತಪ್ಪದು. ಲೈನ್‌ಮ್ಯಾನ್ ಬರುವಷ್ಟರಲ್ಲಿ ವಾರ ಕಳೆದಿರುತ್ತದೆ. ಆದರೆ ಮನೆಯ ಹಿಂದಿನ ದರೆಯ ಮೇಲೆ ಹಳ್ಳ ಹರಿಯುತ್ತಿರುತ್ತದೆ. ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಎತ್ತರದಿಂದ ಇಳಿದರೆ ಅದರಲ್ಲಿರುವ ಶಕ್ತಿ 1,960 ವಾಟ್. ಪೈಪು, ಚಕ್ರ, ಜನರೇಟರ್ ಎಲ್ಲ ಸೇರಿ ಅರ್ಧ ನುಂಗಿದರೂ ಸುಮಾರು 1 ಕಿಲೋವಾಟ್ ಕೈಗೆ ಸಿಗುತ್ತದೆ. ಸಾಲದು ಅನ್ನಿಸಬಹುದು. ಆದರೆ ಹಳ್ಳ ರಾತ್ರಿ ಮಲಗುವುದಿಲ್ಲ. ದಿನಕ್ಕೆ 24 ಯೂನಿಟ್. 1 ಕಿಲೋವಾಟಿನ ಸೋಲಾರ್ ಫಲಕ ಕರ್ನಾಟಕದಲ್ಲಿ ವರ್ಷದ ಸರಾಸರಿಗೆ ಕೊಡುವುದು ದಿನಕ್ಕೆ 4 ಯೂನಿಟ್ ಮಾತ್ರ. ಆಗುಂಬೆಯ ಆಷಾಢದಲ್ಲಿ ಅದೂ ಸಿಗದು.

ಇದರ ಕಷ್ಟಗಳು ಯಂತ್ರದ ಆಚೀಚೆ ಇವೆ. ಮೊದಲನೆಯದು ಎಲೆ. ನೀರು ಪೈಪಿಗೆ ಇಳಿಯುವಲ್ಲಿ ಜಾಲರಿ ಹಾಕದಿದ್ದರೆ, ಹಾಕಿದ್ದನ್ನು ದಿನಾ ಹೋಗಿ ಕೆರೆದು ಬರದಿದ್ದರೆ ನಾಳೆ ಸಂಜೆಗೆ ಕತ್ತಲೆ. ಎರಡನೆಯದು ಪೈಪಿನ ದಪ್ಪ. ದುಡ್ಡುಳಿಸಲು ನಾಲ್ಕು ಇಂಚಿನ ಬದಲು ಮೂರು ಇಂಚಿನ ಪೈಪು ಹಾಕಿದರೆ ಅಷ್ಟೇ ನೀರಿಗೆ ಘರ್ಷಣೆಯ ನಷ್ಟ ನಾಲ್ಕು ಪಟ್ಟಾಗುತ್ತದೆ. ಉದ್ದದ ಪೈಪಿನಲ್ಲಿ ಎತ್ತರವೆಲ್ಲ ಪೈಪಿನೊಳಗೇ ಖರ್ಚಾಗಿ ಚಕ್ರಕ್ಕೆ ತಲುಪುವುದು ಬರೀ ತೇವ. ಮೂರನೆಯದು ವಿಚಿತ್ರ. ಮನೆಯವರು ದೀಪ ಆರಿಸಿ ಮಲಗಿದಾಗ ತೊಂದರೆ ಶುರು. ಲೋಡು ತೆಗೆದ ಕೂಡಲೇ ಚಕ್ರ ಹುಚ್ಚೆದ್ದು ತಿರುಗುತ್ತದೆ, ವೋಲ್ಟೇಜ್ ಏರಿ ಉಳಿದ ಬಲ್ಬು ಸುಡುತ್ತದೆ. ನೀರನ್ನು ಕ್ಷಣದಲ್ಲಿ ಕಡಿಮೆ ಮಾಡುವ ಯಂತ್ರ ದುಬಾರಿ. ಅದಕ್ಕೆ ಕಂಡುಕೊಂಡ ಉಪಾಯ ನೀರನ್ನು ಹಾಗೇ ಬಿಟ್ಟು ಲೋಡನ್ನು ಒಂದೇ ಸಮ ಇಡುವುದು. ಪುಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆಯೊಂದು ಮನೆ ಬೇಡದ ಕರೆಂಟನ್ನೆಲ್ಲ ಹೀಟರ್ ಕಾಯಿಲಿಗೆ ತಿರುಗಿಸುತ್ತದೆ. ಕಾಯಿಲನ್ನು ಸರಿಯಾದ ಅರ್ಥಿಂಗ್ ಕೊಟ್ಟು ನೀರಿನ ಟ್ಯಾಂಕಿಗೆ ಇಳಿಸಿದರೆ ರಾತ್ರಿಯಿಡೀ ಕಾದ ನೀರು ಬೆಳಗಿನ ಸ್ನಾನಕ್ಕೆ. ಬಚ್ಚಲ ಒಲೆಯ ಸೌದೆ ಉಳಿಯಿತು. ತಾಳ ತಪ್ಪದಿರಲೆಂದು ಹೊರಗೆ ಎಸೆಯಬೇಕಿದ್ದ ಶಕ್ತಿ ಕೆಲಸಕ್ಕೆ ಬಂದದ್ದು ನೋಡಿ.

ಫೆಬ್ರವರಿ ಬಂತೆಂದರೆ ಹಳ್ಳ ಸೊರಗುತ್ತದೆ. ಅದೇ ಹೊತ್ತಿಗೆ ಬಿಸಿಲು ಬಲಿಯುತ್ತದೆ. ಘಟ್ಟದ ಮನೆಗೆ ಹಳ್ಳ ಮತ್ತು ಫಲಕ ಎರಡನ್ನೂ ಸಣ್ಣದಾಗಿ ಹಾಕಿ ನಡುವೆ ಬ್ಯಾಟರಿ ಇಡುವುದು ಯಾವುದೋ ಒಂದನ್ನು ದೊಡ್ಡದಾಗಿ ಹಾಕುವುದಕ್ಕಿಂತ ವಾಸಿ.

ಬ್ಯಾಟರಿಯ ಮಾತು ಬಂದಾಗ ಬಯಲುಸೀಮೆಯ ಸಾಮಾನ್ಯ ಮನೆಯ ಲೆಕ್ಕವನ್ನೂ ಮಾಡಿಬಿಡೋಣ. 9 ವಾಟಿನ ಐದು ಎಲ್‌ಇಡಿ ಬಲ್ಬು ಐದು ತಾಸು, 28 ವಾಟಿನ ಬಿಎಲ್‌ಡಿಸಿ ಫ್ಯಾನು ಎರಡು, ಎಂಟು ತಾಸು. 60 ವಾಟಿನ ಟಿವಿ ಮೂರು ತಾಸು, ಮೊಬೈಲು ಚಾರ್ಜಿಂಗ್ ಸ್ವಲ್ಪ. ಒಟ್ಟು 900 ವಾಟ್-ತಾಸು, ಅಂದರೆ ಒಂದು ಯೂನಿಟ್ಟಿಗೂ ಕಡಿಮೆ. ಅದೇ ಮನೆಯಲ್ಲಿ ಹಳೆಯ 60 ವಾಟಿನ ಬುರುಡೆ ಬಲ್ಬು, 75 ವಾಟಿನ ಫ್ಯಾನು ಇದ್ದರೆ 2,900. ಅನುಭವಿಸುವ ಬೆಳಕು, ಗಾಳಿ ಅಷ್ಟೇ. ಫಲಕ, ಬ್ಯಾಟರಿಯ ಖರ್ಚು ಮೂರು ಪಟ್ಟು. ಫಲಕ ಕೊಳ್ಳುವ ಮೊದಲು ಫ್ಯಾನು ಬದಲಿಸಿ ಎಂದು ಹೇಳುವ ಅಂಗಡಿಯವನು ಸಿಕ್ಕರೆ ಅವನನ್ನು ಬಿಡಬೇಡಿ.

12 ವೋಲ್ಟಿನ 150 ಎಎಚ್ ಸೀಸದ ಬ್ಯಾಟರಿ ಕಾಗದದ ಮೇಲೆ 1,800 ವಾಟ್-ತಾಸು ಹಿಡಿಯುತ್ತದೆ. ಪ್ರತಿದಿನ ಪೂರ್ತಿ ಹಿಂಡಿದರೆ ಎರಡು ವರ್ಷವೂ ಬಾಳದು. ಅರ್ಧ ಬಳಸಿ ಅರ್ಧ ಬಿಡಬೇಕು. ಆಗ ಸಿಗುವುದು ಸರಿಯಾಗಿ 900, ಒಂದೇ ರಾತ್ರಿಗೆ. ಮೋಡದ ದಿನಕ್ಕೆ ಇನ್ನೊಂದು ಬ್ಯಾಟರಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಎಂಬತ್ತು, ತೊಂಬತ್ತು ಭಾಗ ಬಳಸಬಹುದು, ಡಿಸ್ಟಿಲ್ಡ್ ವಾಟರ್ ಸುರಿಯುವ ಕೆಲಸವಿಲ್ಲ, ಬೆಲೆ ಮಾತ್ರ ಜಾಸ್ತಿ. ಇನ್ನು ಮಿಕ್ಸಿಯ ತಕರಾರು. ಐದು ನಿಮಿಷ ಚಟ್ನಿ ರುಬ್ಬಿದರೆ ಖರ್ಚಾಗುವ ಶಕ್ತಿ ಅತ್ಯಲ್ಪ, ಆದರೆ ಆ ಐದು ನಿಮಿಷ ಅದು 750 ವಾಟ್ ಎಳೆಯುತ್ತದೆ. ಬ್ಯಾಟರಿ ಎಷ್ಟಿರಬೇಕೆಂದು ನಿರ್ಧರಿಸುವುದು ಯೂನಿಟ್. ಇನ್ವರ್ಟರ್ ಎಷ್ಟಿರಬೇಕೆಂದು ನಿರ್ಧರಿಸುವುದು ಮಿಕ್ಸಿ.

ಪೇಟೆಯಲ್ಲಿ ಈಗ ಕೇಳಿಬರುವ ದೂರು ಬೇರೆ. 'ಪಿಎಂ ಸೂರ್ಯಘರ್' ಯೋಜನೆಯಲ್ಲಿ 3 ಕಿಲೋವಾಟಿಗೆ ₹78,000 ಸಹಾಯಧನ ಪಡೆದು ಚಾವಣಿಗೆ ಫಲಕ ಹಾಕಿಸಿಕೊಂಡವರು, ಮಟಮಟ ಮಧ್ಯಾಹ್ನ ಕರೆಂಟು ಹೋದಾಗ ತಮ್ಮ ಮನೆಯ ಫ್ಯಾನೂ ನಿಂತದ್ದು ಕಂಡು ಮೋಸ ಹೋದೆವೆಂದುಕೊಳ್ಳುತ್ತಾರೆ. ಮೋಸವಲ್ಲ, ಅದು ಉದ್ದೇಶಪೂರ್ವಕ ವಿನ್ಯಾಸ. ಗ್ರಿಡ್‌ಗೆ ಜೋಡಿಸಿದ ಇನ್ವರ್ಟರ್ ಗ್ರಿಡ್ಡಿನ ಅಲೆಯನ್ನು ನೋಡಿಕೊಂಡೇ ತನ್ನ ಅಲೆ ಹುಟ್ಟಿಸುತ್ತದೆ. ಅದು ಕಾಣದಿದ್ದರೆ ಆ ಕ್ಷಣವೇ ನಿಲ್ಲಬೇಕು. ನಿಲ್ಲದಿದ್ದರೆ ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನ್ ಕೈಗೆ ನಿಮ್ಮ ಚಾವಣಿಯ ಕರೆಂಟು ತಗಲುತ್ತದೆ. ತಂತಿಯಿಂದ ಬೇರ್ಪಟ್ಟು ಮನೆಗಷ್ಟೇ ಬಡಿಸುವ ಹೈಬ್ರಿಡ್ ಇನ್ವರ್ಟರ್, ಜತೆಗೆ ಬ್ಯಾಟರಿ ಬೇಕೆಂದರೆ ಖರ್ಚು ಏರುತ್ತದೆ. ಬಿಲ್ಲು ಇಳಿಸುವುದಕ್ಕೋ, ಕತ್ತಲು ಕಳೆಯುವುದಕ್ಕೋ ಎಂದು ಮೊದಲೇ ತೀರ್ಮಾನಿಸಿಕೊಂಡರೆ ಆಮೇಲೆ ಜಗಳವಿಲ್ಲ.

ಹಣದ ದಾರಿಯೂ ವಿನ್ಯಾಸದ ಭಾಗವೇ. 1995ರಲ್ಲಿ ಸೆಲ್ಕೊ ಸಂಸ್ಥೆಯನ್ನು ಸಹಸ್ಥಾಪಕರಾಗಿ ಕಟ್ಟಿದ, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆ ಮತ್ತೆ ಮತ್ತೆ ಹೇಳುವ ಪಾಠ ಒಂದಿದೆ: ಬೀದಿ ವ್ಯಾಪಾರಿಗೆ ತಿಂಗಳಿಗೆ ಮುನ್ನೂರು ರೂಪಾಯಿ ಭಾರ, ದಿನಕ್ಕೆ ಹತ್ತು ಭಾರವಲ್ಲ. ಗಣಿತದಲ್ಲಿ ಎರಡೂ ಒಂದೇ. ದಿನದ ದುಡಿಮೆಯವರ ಕೈಯಲ್ಲಿ ತಿಂಗಳ ಕೊನೆಗೆ ಮುನ್ನೂರು ಉಳಿದಿರುವುದಿಲ್ಲ. ಅಡಕೆಯವನಿಗೆ ಕೊಯ್ಲು ಮುಗಿದ ಮೇಲೆ ಕಂತು, ಹಾಲು ಹಾಕುವವರಿಗೆ ಡೇರಿ ಬಟವಾಡೆಯಂದು. ಸೋಲಾರ್ ದೀಪಕ್ಕೆ ಸಾಲ ಕೊಡುವಂತೆ ಗ್ರಾಮೀಣ ಬ್ಯಾಂಕುಗಳ ಮನವೊಲಿಸಿದ್ದು ಕರ್ನಾಟಕದ ಮಟ್ಟಿಗೆ ಫಲಕದಷ್ಟೇ ಮುಖ್ಯವಾಯಿತು. ಕೆಟ್ಟಾಗ ಬೈಕಿನಲ್ಲಿ ಬರುವ ಹುಡುಗ ತಾಲ್ಲೂಕು ಕೇಂದ್ರದಲ್ಲೇ ಇರಬೇಕು ಎಂಬುದೂ ಅಷ್ಟೇ ಮುಖ್ಯ. ಒಂದು ಫ್ಯೂಸು ಹೋಗಿ ವರ್ಷಗಟ್ಟಲೆ ಕತ್ತಲಲ್ಲಿ ನಿಂತ ಸೋಲಾರ್ ಬೀದಿದೀಪದ ಕಂಬಗಳಿಗೆ ನಮ್ಮ ಪಂಚಾಯಿತಿಗಳಲ್ಲಿ ಬರವಿಲ್ಲ.

ಪುರದ ಸ್ಥಾವರ ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಿಂತಿತು. ಅಕ್ಕಪಕ್ಕದ ಹಳ್ಳಿಗಳಿಗೆ ಅದನ್ನು ಹಬ್ಬಿಸುವ ಯತ್ನವೂ ಕೈಗೂಡಲಿಲ್ಲ. ಸಣ್ಣ ವ್ಯವಸ್ಥೆಯೊಂದು ಸಹಾಯಧನದ ಗ್ರಿಡ್ ದರದ ಪಕ್ಕದಲ್ಲಿ ಒಂಟಿಯಾಗಿ ಬದುಕುವುದು ಎಲ್ಲ ಕಡೆಯೂ ಕಷ್ಟವೇ. ಆದ್ದರಿಂದ ಈಗಿನ ಲೆಕ್ಕಾಚಾರ ಸಣ್ಣದನ್ನು ಗ್ರಿಡ್ಡಿನ ಜತೆ ಹೆಣೆಯುವುದರ ಕಡೆ ತಿರುಗಿದೆ. 2019ರಲ್ಲಿ ಶುರುವಾದ ಪಿಎಂ ಕುಸುಮ್ ಯೋಜನೆಯ ಒಂದು ಭಾಗ ಸಬ್‌ಸ್ಟೇಷನ್ನಿನಿಂದ 5 ಕಿಲೋಮೀಟರ್ ಒಳಗಿನ ಬಂಜರು ಜಮೀನಿನಲ್ಲಿ 2 ಮೆಗಾವಾಟ್‌ವರೆಗಿನ ಸೋಲಾರ್ ಘಟಕಕ್ಕೆ ಅವಕಾಶ ಕೊಡುತ್ತದೆ. ಇನ್ನೊಂದು ಭಾಗ ಕೃಷಿ ಫೀಡರನ್ನೇ ಸೋಲಾರಿಗೆ ಒಪ್ಪಿಸುತ್ತದೆ. ಪಾವಗಡದ 2,050 ಮೆಗಾವಾಟಿನ ಸೋಲಾರ್ ಪಾರ್ಕಿನಿಂದ ಕರೆಂಟು ನೂರಾರು ಕಿಲೋಮೀಟರ್ ಹೋಗಿ ಪಂಪಿಗೆ ಮರಳುವ ಬದಲು ಪಕ್ಕದಲ್ಲೇ ಹುಟ್ಟಿ ಪಕ್ಕದಲ್ಲೇ ಮುಗಿಯುತ್ತದೆ. ತಂತಿಯಲ್ಲಿನ ನಷ್ಟ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಫೀಡರಿನ ಬಾಲದ ತುದಿಯಲ್ಲಿ ಹೊರೆ ಅರ್ಧವಾದರೆ ನಷ್ಟ ಕಾಲು ಭಾಗಕ್ಕಿಳಿಯುತ್ತದೆ. ಟ್ರಾನ್ಸ್‌ಫಾರ್ಮರ್ ಸುಡುವುದು ಕಡಿಮೆಯಾಗುತ್ತದೆ. ರೈತನ ಕಡೆಯಿಂದ ನೋಡಿದರೆ ಇದಕ್ಕಿಂತ ದೊಡ್ಡ ಲಾಭ ತ್ರೀಫೇಸ್ ಹಗಲಲ್ಲಿ ಬರುವುದು. ನಡುರಾತ್ರಿ ಟಾರ್ಚ್ ಹಿಡಿದು ಹಾವು, ಚಿರತೆಗೆ ಅಂಜುತ್ತ ಹೊಲಕ್ಕೆ ಹೋಗುವುದು ತಪ್ಪುತ್ತದೆ.

ಕನಕಪುರ ತಾಲ್ಲೂಕಿನ ಹಾರೋಬೆಲೆ ಫೀಡರಿನಲ್ಲಿ 'ಸೂರ್ಯ ರೈತ' ಯೋಜನೆಯಡಿ ಸುಮಾರು 300 ಪಂಪ್‌ಸೆಟ್ಟುಗಳಿಗೆ ಫಲಕ ಜೋಡಿಸಿದಾಗ ಇನ್ನೊಂದು ಎಳೆ ಸೇರಿಸಿದ್ದರು. ಪಂಪಿಗೆ ಬೇಕಾದ್ದು ಬಳಸಿ ಉಳಿದ ಕರೆಂಟನ್ನು ರೈತ ವಿದ್ಯುತ್ ಕಂಪನಿ ಬೆಸ್ಕಾಂಗೆ ಮಾರಬಹುದಿತ್ತು. ಪುಕ್ಕಟೆ ಕರೆಂಟಿರುವಾಗ ಮೋಟರ್ ಆಫ್ ಮಾಡಲು ಯಾರಿಗೂ ಕಾರಣವಿಲ್ಲ. ಸ್ಟಾರ್ಟರಿಗೆ ಆಟೋ ಹಾಕಿ ಮಲಗುತ್ತಾರೆ, ಕೊಳವೆಬಾವಿ ಇನ್ನಷ್ಟು ಆಳಕ್ಕಿಳಿಯುತ್ತದೆ. ಎತ್ತದ ನೀರಿಗೂ ದುಡ್ಡು ಬರುವಂತಾದರೆ ಆಫ್ ಮಾಡುವುದಕ್ಕೆ ಕಾರಣ ಸಿಗುತ್ತದೆ. ಇಲ್ಲಿ ಎಲ್ಲ ನಿಂತಿರುವುದು ಆ ಮಾರಾಟದ ದರದ ಮೇಲೆ. ಒಂದು ಯೂನಿಟ್ ಮಾರಿದರೆ ಬರುವ ಹಣ, ಅದೇ ಯೂನಿಟ್ಟಿನಲ್ಲಿ ಎತ್ತಿದ ನೀರನ್ನು ಪಕ್ಕದ ಹೊಲದವನಿಗೆ ಮಾರಿದರೆ ಬರುವ ಹಣಕ್ಕಿಂತ ಕಡಿಮೆಯಿದ್ದರೆ ಮೋಟರ್ ಓಡುತ್ತಲೇ ಇರುತ್ತದೆ. ತೀರ ಹೆಚ್ಚಿದ್ದರೆ ವಿದ್ಯುತ್ ಕಂಪನಿ ಕೊಳ್ಳಲಾರದು. ಈ ನಡುವಿನ ಅಂಕಿಯನ್ನು ಬಾವಿಯ ಆಳ, ಬೆಳೆ, ನೀರಿನ ಬೆಲೆ ನೋಡಿ ಪ್ರತಿ ಫೀಡರಿಗೂ ಹುಡುಕಬೇಕಾಗುತ್ತದೆ. ರಾಜ್ಯಕ್ಕೆಲ್ಲ ಒಂದೇ ದರ ಇಟ್ಟರೆ ಕೋಲಾರದ ಸಾವಿರ ಅಡಿಯ ಬಾವಿಗೂ ಕಾವೇರಿ ಬಯಲಿನ ನೂರಡಿಯ ಬಾವಿಗೂ ಅದು ಒಂದೇ ಸಮ ಒಗ್ಗದು.